ಹಾನ್ಲೆಯ ದಾರಿಯಲ್ಲಿ ನಾಡಿ ಎಣಿಸುತ್ತ

ದೆಹಲಿಯಿಂದ ಹೊರಟ ವಿಮಾನವು ಒಂದೂವರೆ ಗಂಟೆಯೊಳಗೆ ನನ್ನನ್ನೂ ಅಕ್ಕನನ್ನೂ 3,256 ಮೀಟರ್ ಎತ್ತರದಲ್ಲಿರುವ ಲೇಹ್ ನಿಲ್ದಾಣದಲ್ಲಿ ಇಳಿಸಿತು. ಇಲ್ಲಿಯ ಗಾಳಿಯಲ್ಲಿಯೂ ಆಮ್ಲಜನಕದ ಪಾಲು ಬೆಂಗಳೂರಿನಲ್ಲಿರುವಂತೆ ಶೇಕಡಾ 21ರಷ್ಟೇ ಇದೆ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟೇ ಆದ್ದರಿಂದ, ಪ್ರತಿ ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಅಷ್ಟೇ ಕಡಿಮೆಯಾಗುತ್ತದೆ. ಮನೆಯಲ್ಲಿ ನಿಮಿಷಕ್ಕೆ 68 ಇದ್ದ ನನ್ನ ನಾಡಿ ಸಂಜೆಗೆ, ಮಲಗಿದ್ದಾಗಲೇ, 94ಕ್ಕೇರಿತ್ತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಆಮ್ಲಜನಕದ ಮಟ್ಟವನ್ನು 88 ಎಂದು ತೋರಿಸಿತು. ವಸತಿಗೃಹದ ಮೆಟ್ಟಿಲುಗಳನ್ನು ಏರುವಾಗ ಎರಡು ಕಡೆ ನಿಲ್ಲಬೇಕಾಯಿತು. ಕತ್ತಲಾಗುವ ಹೊತ್ತಿಗೆ ತಲೆನೋವು ಶುರುವಾಯಿತು.

"ಪೇಟೆ ಎಲ್ಲಿಗೂ ಓಡಿಹೋಗುವುದಿಲ್ಲ, ಸುಮ್ಮನೆ ಮಲಗು" ಎಂದು ಅಕ್ಕ ಗದರಿದಳು. ಅವಳ ಮಾತು ಸರಿಯಾಗಿಯೇ ಇತ್ತು. ಮೊದಲ ಎರಡು ದಿನ ನಾವು ಅಂಗಳದ ಬಿಸಿಲು ಬಿಟ್ಟು ಕದಲಲಿಲ್ಲ.

ಹೊರಗಿನಿಂದ ನೋಡುವವರಿಗೆ ಅದು ಸೋಮಾರಿತನದಂತೆ ಕಂಡರೂ ಮೈಯೊಳಗೆ ದೊಡ್ಡ ಕೆಲಸವೇ ನಡೆದಿರುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ಅದೇ ಸಮಯದಲ್ಲಿ ಉಸಿರು ಜೋರಾಗಿ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದರಿಂದ ಅವೇ ನಾಳಗಳು ಕುಗ್ಗಲು ನೋಡುತ್ತವೆ. ಈ ಹಗ್ಗಜಗ್ಗಾಟದಲ್ಲಿ ಮೊದಲು ಗೆಲ್ಲುವುದು ಹಿಗ್ಗುವಿಕೆಯೇ. ಕ್ಯಾಲಿಫೋರ್ನಿಯಾದ ಬೆಟ್ಟವೊಂದರಲ್ಲಿ, ಸುಮಾರು 3,800 ಮೀಟರ್ ಎತ್ತರದಲ್ಲಿ ನಡೆಸಿ 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳಿನ ರಕ್ತಹರಿವು ಮೊದಲ ದಿನವೇ ಶೇಕಡಾ 24ರಷ್ಟು ಹೆಚ್ಚಿದ್ದು, ಮೂರರಿಂದ ಐದು ದಿನಗಳಲ್ಲಿ ಆ ಹೆಚ್ಚಳ ಶೇಕಡಾ 13ಕ್ಕೆ ಇಳಿದಿತ್ತು. ಇಳಿದದ್ದು ಮಿದುಳು ಸೋತದ್ದರಿಂದಲ್ಲ. ಇಂಗಾಲದ ಡೈಆಕ್ಸೈಡ್ ಹೊರಹೋದಂತೆ ರಕ್ತದಲ್ಲಿ ಕ್ಷಾರ ಹೆಚ್ಚಾಗಿ ಉಸಿರಾಟಕ್ಕೆ ತಡೆಯಾಗುತ್ತದೆ. ಮೂತ್ರಪಿಂಡಗಳು ಆ ಹೆಚ್ಚುವರಿ ಕ್ಷಾರವನ್ನು ಹೊರಹಾಕಿ ತಡೆಯನ್ನು ಸಡಿಲಿಸುತ್ತವೆ, ರಕ್ತದ ನೀರಿನಂಶ ಕಡಿಮೆಯಾಗಿ ಅದು ಗಟ್ಟಿಯಾಗುತ್ತದೆ. ಹೀಗೆ ಪ್ರತಿ ಬೊಗಸೆ ರಕ್ತವೂ ಹೆಚ್ಚು ಆಮ್ಲಜನಕ ಹೊತ್ತು ತರುವುದರಿಂದ, ಮಿದುಳಿಗೆ ಮೊದಲಿನಷ್ಟು ರಕ್ತ ಹರಿಯಬೇಕಾಗಿಲ್ಲ. ಊರಿನಲ್ಲಿ ವೈದ್ಯರು ಬರೆದುಕೊಟ್ಟಿದ್ದ ಡಯಾಮಾಕ್ಸ್ ಮಾತ್ರೆಯೂ ಮೂತ್ರಪಿಂಡಗಳ ಈ ಕೆಲಸವನ್ನೇ ಬೇಗ ಮಾಡಿಸುತ್ತದೆ.

ನಾಡಿ ಮಾತ್ರ ಅಷ್ಟು ಬೇಗ ಒಪ್ಪುವುದಿಲ್ಲ. ನಾಲ್ಕನೆಯ ಬೆಳಿಗ್ಗೆ ತಲೆನೋವು ಪೂರ್ತಿ ಹೋಗಿ ಆಮ್ಲಜನಕ 91 ಆಗಿದ್ದರೂ ನಾಡಿ ಇನ್ನೂ 82ರಲ್ಲಿಯೇ ಇತ್ತು.

ಅಂದು ಸಿಂಧೂ ನದಿಯ ದಂಡೆ ಹಿಡಿದು ಉಪ್ಶಿ, ಚುಮಥಾಂಗ್, ನ್ಯೋಮಾ ದಾಟಿ ಹಾನ್ಲೆಗೆ ಹೋದೆವು. 4,200 ಮೀಟರಿಗೂ ಮೇಲಿರುವ ಆ ಊರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹತ್ತರಲ್ಲಿ ಆರು ಪಾಲು. ರಾತ್ರಿ ಎಚ್ಚರವಾದಾಗ ಪಕ್ಕದ ಹಾಸಿಗೆಯಲ್ಲಿ ಅಕ್ಕನ ಉಸಿರು ನಿಂತಿತ್ತು. ನನ್ನ ಎದೆ ಧಸಕ್ಕೆಂದಿತು. ಹತ್ತರವರೆಗೆ ಎಣಿಸುವಷ್ಟರಲ್ಲಿ ಅವಳು ದೀರ್ಘವಾಗಿ ಉಸಿರೆಳೆದುಕೊಂಡಳು. ನಾಲ್ಕೈದು ಆಳವಾದ ಉಸಿರುಗಳ ನಂತರ ಮತ್ತೆ ನಿಶ್ಶಬ್ದ. ಎತ್ತರದಲ್ಲಿ ನಿದ್ರಿಸುವವರಲ್ಲಿ ಇದು ಸಾಮಾನ್ಯ. ಇಂಗಾಲದ ಡೈಆಕ್ಸೈಡ್ ತೀರ ಇಳಿದಾಗ ಉಸಿರಿಗೆ ಪ್ರೇರಣೆಯೇ ಇರುವುದಿಲ್ಲ, ಅಷ್ಟರಲ್ಲಿ ಆಮ್ಲಜನಕ ಕುಸಿದು ಮೈಯನ್ನು ಎಬ್ಬಿಸುತ್ತದೆ. ಅವಳ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದೆ. ಉಸಿರು ನಿಂತಾಗ ನಿಧಾನವಾಗುತ್ತಿದ್ದ ನಾಡಿ, ಉಸಿರು ಮರಳಿದಾಗ ಏರುತ್ತಿತ್ತು. ಇದೆಲ್ಲ ಗೊತ್ತಿದ್ದರೂ ಬೆಳಗಾಗುವವರೆಗೆ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ 4,500 ಮೀಟರ್ ಎತ್ತರದ ಗುಡ್ಡದ ಮೇಲಿನ ಭಾರತೀಯ ಖಗೋಳ ವೀಕ್ಷಣಾಲಯಕ್ಕೆ ಹೋದೆವು. ಅಲ್ಲಿಯ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ಖಗೋಳ ವಿಜ್ಞಾನಿಗಳು ನಮ್ಮ ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ ಎಂಬುದು ತಿಳಿದಾಗ ಅಭಿಮಾನವೆನಿಸಿತು. ಗುಡ್ಡದ ಮೇಲೆ ಉಳಿದು ಯಂತ್ರ ನೋಡಿಕೊಳ್ಳುವವರ ಬಗ್ಗೆ ಇನ್ನೂ ಹೆಚ್ಚಿನ ಗೌರವ ಮೂಡಿತು. ಹತ್ತು ಹೆಜ್ಜೆ ನಡೆಯುವುದರೊಳಗೆ ನನ್ನ ನಾಡಿ 116 ಮುಟ್ಟಿತ್ತು.

ಎಂಟನೆಯ ದಿನ ಲೇಹ್‌ಗೆ ಮರಳಿದೆವು. ಅದೇ ವಸತಿಗೃಹ, ಅದೇ ಮೆಟ್ಟಿಲುಗಳು. ಈ ಸಲ ಎಲ್ಲಿಯೂ ನಿಲ್ಲದೆ ಹತ್ತಿದೆ. ಕೋಣೆಯಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡಿದಾಗ ಆಮ್ಲಜನಕ 93, ನಾಡಿ 77. ಮನೆಯ ಲೆಕ್ಕಕ್ಕಿಂತ ಇನ್ನೂ ಒಂಬತ್ತು ಹೆಚ್ಚು.