ಖಾನ್ ಮಾರ್ಕೆಟ್‌ನಲ್ಲಿ ಪುಸ್ತಕ ಕೊಳ್ಳಿ, ಊಟಕ್ಕೆ ಬೇರೆ ಕಡೆ ಹೋಗಿ

ದೆಹಲಿಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಖಾನ್ ಮಾರ್ಕೆಟ್‌ನ ಮಹಡಿ ಮೇಲಿನ ಕೆಫೆಗಳಲ್ಲಿ ಬಿಲ್ ಬಂದಾಗ ಕೊನೆಯ ಸಾಲುಗಳನ್ನು ಓದಿ, ಆಮೇಲೆ ಫೋನ್‌ಪೇ ತೆಗೆಯಿರಿ. ನಾನು ಮತ್ತು ಅಕ್ಕ ಹೋದ ಕಡೆ ಎರಡು ಕಾಫಿ, ಒಂದು ಪಾಸ್ತಾ, ಒಂದು ತುಂಡು ಕೇಕಿಗೆ ಎರಡು ಸಾವಿರ ದಾಟಿತು. ದುಬಾರಿ ಅಂತ ಗೊತ್ತಿದ್ದೇ ಹೋಗಿದ್ದೆವು, ಅದಕ್ಕೆ ತಕರಾರಿಲ್ಲ. ಆದರೆ ಅದರೊಳಗೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್ ಸೇರಿಸಿದ್ದರು. ಅದರ ಮೇಲೂ ಜಿಎಸ್‌ಟಿ ಹಾಕಿದ್ದರು. ನಾವು ಕೇಳದಿದ್ದರೂ ಮುಚ್ಚಳ ತೆಗೆದು ಟೇಬಲ್ ಮೇಲಿಟ್ಟ ನೀರಿನ ಬಾಟಲಿಗೂ ದುಡ್ಡು ಹಿಡಿದಿದ್ದರು. "ಇದೇನಪ್ಪಾ?" ಎಂದು ಅಕ್ಕ ಕೇಳಿದರೆ, "ಎಲ್ಲರೂ ಕೊಡ್ತಾರೆ ಮೇಡಂ" ಎಂದು ಹಿಂದಿಯಲ್ಲಿ ಉತ್ತರ ಬಂತು.

ಎಲ್ಲರೂ ಕೊಡಬೇಕಾಗಿಲ್ಲ. ಹೋಟೆಲಿನವರು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೋಟೆಲ್ ಮಾಲೀಕರ ಸಂಘಗಳು ಇದರ ವಿರುದ್ಧ ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಇದನ್ನು ಕಡ್ಡಾಯ ಮಾಡುವಂತಿಲ್ಲ ಎಂದೇ ತೀರ್ಪು ಕೊಟ್ಟಿತು. ಅಕ್ಕನಿಗೆ ಇದೆಲ್ಲ ಬಾಯಿಪಾಠ. ಜಗಳ ಆಡಲಿಲ್ಲ, ದನಿ ಏರಿಸಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ ಎಂದಳು, ಅಷ್ಟೇ. ಮ್ಯಾನೇಜರ್ ಬಂದು ಹೊಸ ಬಿಲ್ ಕೊಟ್ಟ. ನೀರಿನ ದುಡ್ಡು ಮಾತ್ರ ಬಿಡಲಿಲ್ಲ. ಹಾಗಾಗಿ ಕೂತ ತಕ್ಷಣ "ಸಾದಾ ಪಾನಿ" ಎಂದು ಹೇಳಿಬಿಡಿ.

ಇನ್ನೊಂದು ವಿಷಯ, ಆ ಮೆಟ್ಟಿಲುಗಳು. ಕಡಿದಾಗಿವೆ, ಕಿರಿದಾಗಿವೆ. ಎದುರಿನಿಂದ ಒಬ್ಬರು ಇಳಿದರೆ ನಾವು ಗೋಡೆಗೆ ಅಂಟಿಕೊಳ್ಳಬೇಕು. ಮಂಡಿನೋವಿನವರನ್ನು ಕರೆದುಕೊಂಡು ಹೋಗಲೇಬೇಡಿ. ಅವು ಹಾಗಿರುವುದಕ್ಕೆ ಕಾರಣವಿದೆ. ದೇಶ ವಿಭಜನೆ ಆದಾಗ ವಾಯವ್ಯ ಗಡಿ ಪ್ರಾಂತ್ಯದಿಂದ ಎಲ್ಲ ಬಿಟ್ಟು ಬಂದವರಿಗಾಗಿ 1951ರಲ್ಲಿ ಕಟ್ಟಿದ ಮಾರ್ಕೆಟ್ ಇದು. ಕೆಳಗೆ 154 ಅಂಗಡಿ, ಮೇಲೆ ಆ ಅಂಗಡಿಯವರೇ ಇರಲೆಂದು 74 ಮನೆ. ಗಡಿನಾಡ ಗಾಂಧಿ ಅಬ್ದುಲ್ ಗಫಾರ್ ಖಾನರ ಅಣ್ಣ ಡಾಕ್ಟರ್ ಖಾನ್ ಸಾಹೇಬ್ ಹೆಸರು ಇಟ್ಟರು. ಈಗ ಇಡೀ ದೇಶದಲ್ಲಿ ಅಂಗಡಿ ಬಾಡಿಗೆ ಅತಿ ಜಾಸ್ತಿ ಇರುವ ಜಾಗಗಳ ಪಟ್ಟಿಯಲ್ಲಿ ಇದರ ಹೆಸರು ಬರುತ್ತದೆ. ಒಂದು ಕಾಲದಲ್ಲಿ ನಿರಾಶ್ರಿತರು ಹಾಸಿಗೆ ಹಾಸಿದ್ದ ಕೋಣೆಯಲ್ಲಿ ನಾವು ಪಾಸ್ತಾ ತಿಂದೆವು ಅನ್ನುವುದು ಆಮೇಲೆ ಹೊಳೆಯಿತು.

ಹಾಗಾದರೆ ಅಲ್ಲಿಗೆ ಹೋಗುವುದೇ ಬೇಡವೇ? ಖಂಡಿತ ಹೋಗಿ. ಪುಸ್ತಕಕ್ಕಾಗಿ ಹೋಗಿ. ಫಕೀರ್ ಚಂದ್ ಅಂಗಡಿ ಮಾರ್ಕೆಟ್ ಶುರುವಾದ 1951ರಿಂದಲೂ ಇದೆ. ಬಾಹ್ರಿಸನ್ಸ್ 1953ರದು. ಅದನ್ನು ತೆರೆದ ಬಲರಾಜ್ ಬಾಹ್ರಿ ಅವರೂ ಈಗಿನ ಪಾಕಿಸ್ತಾನದ ಮಲಕ್ವಾಲ್‌ನಿಂದ ಬಂದ ನಿರಾಶ್ರಿತರು. ಎರಡೂ ಕಡೆ ನೆಲದಿಂದ ಸೂರಿನವರೆಗೆ ಪುಸ್ತಕ, ಓಡಾಡಲು ಜಾಗ ಕಮ್ಮಿ. ಮಾಲ್‌ಗಳ ಪುಸ್ತಕದಂಗಡಿಯಲ್ಲಿ ಆಟಿಕೆ, ಬಾಟಲಿ, ಬ್ಯಾಗ್ ದಾಟಿ ಪುಸ್ತಕ ಹುಡುಕಬೇಕು. ಇಲ್ಲಿ ಆ ಗೋಳಿಲ್ಲ. ಹೆಸರು ಹೇಳಿದರೆ ಕಂಪ್ಯೂಟರ್ ನೋಡದೆ ಕೈ ಹಾಕಿ ತೆಗೆದುಕೊಟ್ಟರು. ಎಷ್ಟು ಹೊತ್ತು ನಿಂತರೂ "ಏನು ಬೇಕು" ಎಂದು ಬೆನ್ನು ಹತ್ತುವುದಿಲ್ಲ. ಕನ್ನಡ ಪುಸ್ತಕ ಕೇಳಬೇಡಿ, ಅನುವಾದಗಳನ್ನು ಬೇಕಾದರೆ ಹುಡುಕಿ.

ಬಟ್ಟೆ ವಿಷಯದಲ್ಲಿ ನಾನು ಒಳ್ಳೆಯ ಸಾಕ್ಷಿ ಅಲ್ಲ. ಅನೋಖಿಯಲ್ಲಿ ಜೈಪುರದ ಅಚ್ಚಿನ ಬಟ್ಟೆ ನೋಡುತ್ತಾ ಅಕ್ಕ ಒಂದು ಗಂಟೆ ಕಳೆದಳು, ನಾನು ಹೊರಗೆ ನಿಂತೆ. ಇಲ್ಲೆಲ್ಲ ಹೇಳಿದ್ದೇ ಬೆಲೆ, ಚೌಕಾಸಿ ಇಲ್ಲ. ಚೌಕಾಸಿ ಬೇಕೆನ್ನುವವರು ಇಲ್ಲಿಂದಲೇ ನೇರಳೆ ಮಾರ್ಗದ ಮೆಟ್ರೋ ಹತ್ತಿ ಮೂರನೇ ಸ್ಟೇಷನ್ ಲಾಜಪತ್ ನಗರದಲ್ಲಿ ಇಳಿಯಿರಿ. ಸೋಮವಾರ ಅಲ್ಲಿ ರಜೆ, ನೆನಪಿರಲಿ. ಖಾನ್ ಮಾರ್ಕೆಟ್‌ಗೆ ಹಳೆಯ ಕಾಲದಿಂದ ಭಾನುವಾರ ವಾರದ ರಜೆ. ಕೆಫೆಗಳು ತೆರೆದಿದ್ದರೂ ಪುಸ್ತಕಕ್ಕೆಂದು ಹೋಗುವವರು ಬೇರೆ ದಿನ ನೋಡಿಕೊಳ್ಳುವುದು ಒಳ್ಳೆಯದು.

ಖಾನ್ ಮಾರ್ಕೆಟ್‌ನ ಅಂಗಡಿ ಸಾಲುಗಳ ನಡುವೆ ಒಂದು ಓಣಿ ಇದೆ. ಏಸಿಗಳ ಬಿಸಿಗಾಳಿ, ಅಡುಗೆಮನೆ ಹೊಗೆ, ತಲೆ ಮೇಲೆ ಜೋತಾಡುವ ವೈರು, ಡೆಲಿವರಿ ಹುಡುಗರ ಓಡಾಟ. ಮುಂಬಾಗಿಲ ಥಳಕು ನೋಡಿದವರು ಈ ಹಿಂಬದಿಯನ್ನೂ ನೋಡಬೇಕು. ಮಾಂಸಾಹಾರಿಗಳಿಗೆ ಹೆಸರುವಾಸಿಯಾದ ಖಾನ್ ಚಾಚಾ ಕಬಾಬು ರೋಲ್ ಶುರುವಾಗಿದ್ದು ಈ ಓಣಿಯ ಸಣ್ಣ ಗೂಡಿನಲ್ಲೇ. ನಾನು ತಿನ್ನುವವನಲ್ಲ, ಅಭಿಪ್ರಾಯ ಹೇಳಲಾರೆ.

ಆಟೋದವರಿಗೆ ಖಾನ್ ಮಾರ್ಕೆಟ್ ಎಂದು ಬಿಡಿಸಿ ಹೇಳಿ. ಲೋಧಿ ಕಾಲೊನಿಯಲ್ಲಿ ಖನ್ನಾ ಮಾರ್ಕೆಟ್ ಅಂತ ಬೇರೆಯದೇ ಇದೆ. ಮೆಟ್ರೋದಲ್ಲಿ ಬಂದರೆ ಈ ತಾಪತ್ರಯವೇ ಇಲ್ಲ, ಸ್ಟೇಷನ್ ಹೆಸರೇ ಖಾನ್ ಮಾರ್ಕೆಟ್. ಆದರೆ ಖನ್ನಾ ಮಾರ್ಕೆಟ್ ಕಡೆಗೂ ಒಮ್ಮೆ ಹೋಗಿ ಅನ್ನುತ್ತೇನೆ. ಖಾನ್ ಮಾರ್ಕೆಟ್‌ನಿಂದ ನಡೆದು ಲೋಧಿ ಗಾರ್ಡನ್ ಸೇರಬಹುದು, ಟಿಕೆಟ್ ಇಲ್ಲ. ಸಯ್ಯದ್ ಮತ್ತು ಲೋಧಿ ಸುಲ್ತಾನರ ಗೋರಿಗಳ ಸುತ್ತ ಜನ ವಾಕಿಂಗ್ ಮಾಡುತ್ತಿರುತ್ತಾರೆ. ಲೋಧಿ ರಸ್ತೆ ದಾಟಿದರೆ ಕಾಲೊನಿ. ಬ್ರಿಟಿಷರು 1940ರ ದಶಕದಲ್ಲಿ ಸರ್ಕಾರಿ ನೌಕರರಿಗಾಗಿ ಕಟ್ಟಿದ ಮನೆಗಳು. ಅವುಗಳ ಎತ್ತರದ ಗೋಡೆಗಳ ಮೇಲೆ 2015ರಿಂದ ದೇಶ ವಿದೇಶದ ಕಲಾವಿದರು ಚಿತ್ರ ಬಿಡಿಸಿದ್ದಾರೆ. ಒಣಹಾಕಿದ ಬಟ್ಟೆ, ಸ್ಕೂಟರು, ಅದರ ಹಿಂದೆ ಮೂರು ಆಳೆತ್ತರದ ಚಿತ್ರ. ನವೆಂಬರ್‌ನಲ್ಲಿ ಮಾತ್ರ ಈ ನಡಿಗೆ ಬೇಡ, ಆ ಹೊಗೆಯಲ್ಲಿ ಗಂಟಲು ಉಳಿಯುವುದಿಲ್ಲ.

ಈಗ ಊಟ. ಖಾನ್ ಮಾರ್ಕೆಟ್‌ನಿಂದ ಆಟೋ ಹಿಡಿದು ಇಂಡಿಯಾ ಗೇಟ್ ಹತ್ತಿರದ ಆಂಧ್ರ ಭವನದ ಕ್ಯಾಂಟೀನಿಗೆ ಹೋಗಿ. ಕೆಫೆಯಲ್ಲಿ ನಾವು ಕುಡಿದ ಒಂದು ಕಾಫಿಗಿಂತ ಇಲ್ಲಿಯ ಪೂರ್ತಿ ಊಟ ಅಗ್ಗ. ಮೊದಲು ಕೌಂಟರ್‌ನಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಳ್ಳಬೇಕು. ಆಮೇಲೆ ಕಾಯಬೇಕು. ಗದ್ದಲ ಅಂದರೆ ಗದ್ದಲ. ಊಟ ಮಾಡುವವರ ಬೆನ್ನ ಹಿಂದೆಯೇ ಮುಂದಿನವರು ನಿಂತಿರುತ್ತಾರೆ, ಥೇಟ್ ನಮ್ಮೂರ ಮದುವೆಯ ಎರಡನೇ ಪಂಕ್ತಿಯ ಹಾಗೆ. ಅಂಗಡಿಯಲ್ಲಿ ನಾಲ್ಕು ಜನ ತಗುಲಿದರೂ ರೇಗುವ ನನಗೆ ಇಲ್ಲಿಯ ನೂಕುನುಗ್ಗಲು ಏನೂ ಅನಿಸಲಿಲ್ಲ. ಸ್ಟೀಲ್ ತಟ್ಟೆಗೆ ಮೊದಲು ಪೂರಿ, ಪಲ್ಯ. ಪೂರಿ ಮುಗಿಯುವಷ್ಟರಲ್ಲಿ ಅನ್ನ, ಪಪ್ಪು, ಸಾಂಬಾರು, ರಸ. ಮೊಸರು, ಹಪ್ಪಳ, ಸಿಹಿ. ಟೇಬಲ್ ಮೇಲೆ ಚಟ್ನಿಪುಡಿ, ಉಪ್ಪಿನಕಾಯಿ. ಬಿಸಿ ಅನ್ನಕ್ಕೆ ಪುಡಿ, ತುಪ್ಪ ಹಾಕಿ ಕಲಸಿಕೊಂಡರೆ ಬೇರೇನೂ ಬೇಡ. ಖಾರ ಹುಷಾರು, ಆಂಧ್ರದವರ ಖಾರ ಅದು. ಬಡಿಸುವವರು ತಿರುಗಿ ತಿರುಗಿ ಬರುತ್ತಾರೆ, ಕೈ ಅಡ್ಡ ಹಿಡಿದರೂ ಒಂದು ಸೌಟು ಬಿದ್ದೇ ಬೀಳುತ್ತದೆ. ಉತ್ತರದ ರೊಟ್ಟಿ, ಪನೀರ್ ತಿಂದು ಬೇಜಾರಾಗಿದ್ದ ಅಕ್ಕ ರಸ ಮೂರು ಸಲ ಹಾಕಿಸಿಕೊಂಡಳು.

ಭಾನುವಾರ ಅಲ್ಲಿ ಬಿರಿಯಾನಿ ಇರುತ್ತದೆ, ಕ್ಯೂ ಗೇಟಿನವರೆಗೂ ಬರುತ್ತದೆ. ಸಸ್ಯಾಹಾರಿಗಳು ವಾರದ ದಿನ, ಹನ್ನೆರಡೂವರೆಯೊಳಗೆ ಹೋಗಿಬಿಡಿ. ಒಂದು ಗಂಟೆಗೆ ಸುತ್ತಲಿನ ಸರ್ಕಾರಿ ಕಚೇರಿಗಳವರೆಲ್ಲ ಊಟಕ್ಕೆ ಏಳುತ್ತಾರೆ.