ಭಾನುವಾರದ ಕನ್ನಡ ಬರವಣಿಗೆ: ಹನ್ನೊಂದು ವಾರಗಳ ಟಿಪ್ಪಣಿ

ರಾಯಚೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಆರು ಜನ ಪದವಿ ವಿದ್ಯಾರ್ಥಿಗಳು ಕನ್ನಡ ಬರೆಯಲು ಕೂಡುತ್ತಾರೆ. ಮೂವರ ಮನೆಮಾತು ತೆಲುಗು, ಇಬ್ಬರದು ಉರ್ದು, ಒಬ್ಬಳದು ಲಂಬಾಣಿ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಊರಿನಲ್ಲಿ ಒಂದೇ ಓಣಿಯಲ್ಲಿ ಮೂರು ಭಾಷೆ ಕೇಳುವುದು ಹೊಸದೇನಲ್ಲ, ಇವರೆಲ್ಲರೂ ಕನ್ನಡವನ್ನು ಸರಾಗವಾಗಿ ಆಡುತ್ತಾರೆ. ಆದರೆ ಗೈಡಿನ ಉತ್ತರವನ್ನು ಬಾಯಿಪಾಠ ಮಾಡಿ ಬರೆಯುವುದೇ ರೂಢಿಯಾಗಿರುವುದರಿಂದ, ಸ್ವಂತ ವಾಕ್ಯ ಬರೆಯಬೇಕಾದಾಗ ಕೈ ತಡೆಯುತ್ತದೆ.

ಒಂದರಿಂದ ಮೂರನೆಯ ವಾರ: ಕಂಡ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟೆ. ಅದು ನನ್ನ ತಪ್ಪು. ಮೂರನೆಯ ವಾರಕ್ಕೆ ಬರಹಗಳು ಅರ್ಧಕ್ಕೆ ಇಳಿದವು. ತಪ್ಪಾಗದಂಥ ಪುಟ್ಟ ವಾಕ್ಯಗಳನ್ನಷ್ಟೇ ಬರೆದು ತಂದಿದ್ದರು.

ನಾಲ್ಕರಿಂದ ಏಳನೆಯ ವಾರ: ತಿದ್ದುವುದನ್ನು ಬಿಟ್ಟು, ತಪ್ಪುಗಳನ್ನು ಮನೆಮಾತಿನ ಪ್ರಕಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಸಿಂಧನೂರಿನ ಕಡೆಯ ಕ್ಯಾಂಪಿನಿಂದ (ಆಂಧ್ರದಿಂದ ಬಂದ ರೈತರು ನೆಲೆಸಿದ ಊರು) ಬರುವ ತೆಲುಗು ಮನೆಮಾತಿನ ಹುಡುಗ ‘ನಮ್ಮ ಅಕ್ಕ ಊರಿಂದ ಬಂತು’ ಎಂದು ಬರೆದಿದ್ದ. ತೆಲುಗಿನಲ್ಲಿ ಅಕ್ಕ ಬಂದರೂ ಬಸ್ಸು ಬಂದರೂ ಕ್ರಿಯಾಪದ ‘ವಚ್ಚಿಂದಿ’ ಒಂದೇ. ಅವನು ತನ್ನ ಭಾಷೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದ. ಇದನ್ನು ವಿವರಿಸಿದಾಗ ಅವನ ಮುಖದಲ್ಲಿ ಕಂಡ ನಿರಾಳವನ್ನು ನಾನು ಮರೆಯಲಾರೆ. ಉರ್ದು ಮನೆಮಾತಿನ ಹುಡುಗಿ ‘ಹಬ್ಬಕ್ಕೆ ಹೊಸ ಬಟ್ಟೆ ತೋಡುತ್ತೇವೆ’ ಎಂದು ಬರೆದಿದ್ದಳು. ಉರ್ದುವಿನಲ್ಲಿ ಹ್ರಸ್ವ ಒಕಾರ, ದೀರ್ಘ ಓಕಾರಗಳಿಂದ ಅರ್ಥ ಬೇರೆಯಾಗುವುದಿಲ್ಲ. ಕನ್ನಡದಲ್ಲಾದರೆ ಬಟ್ಟೆ ತೊಡಬೇಕು, ಬಾವಿ ತೋಡಬೇಕು. ಕೊಡು–ಕೋಡು, ಬೆರೆ–ಬೇರೆ ಎಂಬಂಥ ಜೋಡಿಗಳನ್ನು ಈಗ ಅವಳೇ ಹುಡುಕಿ ತರುತ್ತಾಳೆ.

ಎಂಟರಿಂದ ಹನ್ನೊಂದನೆಯ ವಾರ: ಹೊಸ ವಿಷಯ ಕೊಡದೆ ಒಂದೇ ಪುಟವನ್ನು ಮೂರು ಸಲ ಬರೆಸಿದೆ. ಒಂದೊಂದು ಸಲಕ್ಕೆ ಒಂದೇ ಸಂಗತಿಯ ತಿದ್ದುಪಡಿ, ಅದೂ ಗಟ್ಟಿಯಾಗಿ ಓದಿದ ಮೇಲೆ. ಲಂಬಾಣಿ ಹುಡುಗಿಯ ಮೊದಲ ಪ್ರತಿ ‘ಗುಳೆ ಹೋಗುವುದು ದೊಡ್ಡ ಸಮಸ್ಯೆಯಾಗಿದೆ, ಸರ್ಕಾರ ಕ್ರಮ ಕೈಗೊಳ್ಳಬೇಕು’ ಎಂದು ಶುರುವಾಗಿತ್ತು. ‘ಮನೆಗೆ ಬೀಗ ಹಾಕಿದ ದಿನ ಕೀಲಿಕೈ ಯಾರ ಹತ್ತಿರ ಇತ್ತವ್ವಾ?’ ಎಂದು ಕೇಳಿದೆ. ಎರಡನೆಯ ಪ್ರತಿಯಲ್ಲಿ ಅಜ್ಜಿ, ಕೋಳಿ, ಲಾರಿ ಎಲ್ಲವೂ ಬಂದವು, ಆದರೆ ಪ್ರತಿಯೊಂದರ ನಡುವೆಯೂ ‘ಮತ್ತು’ ಇತ್ತು. ಮೂರನೆಯದರಲ್ಲಿ ಹೀಗೆ ಬರೆದಳು: ‘ಕೀಲಿಕೈಯನ್ನು ಅಜ್ಜಿಯ ಸೆರಗಿಗೆ ಗಂಟು ಹಾಕಿ, ಕೋಳಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಬೆಳಕು ಹರಿಯುವ ಮೊದಲೇ ನಾವು ಲಾರಿ ಹತ್ತಿದೆವು.’ ಹಾಕಿ, ಒಪ್ಪಿಸಿ ಎಂದು ಒಂದು ಕೆಲಸವನ್ನು ಇನ್ನೊಂದಕ್ಕೆ ಪೋಣಿಸುತ್ತ ಹೋಗುವುದೇ ಕನ್ನಡದ ಉದ್ದ ವಾಕ್ಯದ ಬೆನ್ನೆಲುಬು. ವ್ಯಾಕರಣದ ಹೆಸರು ಹೇಳದೆಯೇ ಅದು ಅವಳ ಕೈಗೆ ಬಂದದ್ದು ನನಗೆ ಈ ಹನ್ನೊಂದು ವಾರಗಳ ಅತಿ ದೊಡ್ಡ ಸಂತೋಷ.

ಈಗ ಎಲ್ಲರೂ ಹೀಗೆ ಪೋಣಿಸತೊಡಗಿದ್ದರಿಂದ ಹೊಸ ತೊಡಕೊಂದು ಎದ್ದಿದೆ. ‘ಅಪ್ಪ ಟಿಕೆಟ್ ತೆಗೆದು, ಬಸ್ಸು ಹೊರಟಿತು’ ಎಂದು ನಾಲ್ವರು ಬರೆದಿದ್ದಾರೆ. ಟಿಕೆಟ್ ತೆಗೆದವನು ಅಪ್ಪ, ಹೊರಟದ್ದು ಬಸ್ಸು. ಕರ್ತೃ ಬದಲಾದಾಗ ‘ತೆಗೆದ ಮೇಲೆ’ ಎನ್ನಬೇಕು. ಬರುವ ಭಾನುವಾರ ಆ ನಾಲ್ಕು ಹಾಳೆಗಳಿಂದಲೇ ಆರಂಭಿಸುತ್ತೇವೆ.