ಅವರೆಕಾಯಿ ಕಾಲದ ಒಂದು ಭಾನುವಾರ

ಡಿಸೆಂಬರ್ ಬಂತೆಂದರೆ ಮೈಸೂರಿನ ನಮ್ಮ ಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಒಂದು ಅವರೆಕಾಯಿ ಸುಲಿಯೋದು, ಇನ್ನೊಂದು ಅತ್ತೆಯ ಸ್ವೆಟರ್ ಹೆಣಿಗೆ. ಹೋದ ಭಾನುವಾರ ಸೈಕಲ್ಲಿನ ಪಂಕ್ಚರ್ ಕೂಡ ಸೇರಿಕೊಂಡು, ಜಗುಲಿಯ ಮೇಲೆ ಕಾಲಿಡಲು ಜಾಗ ಇರಲಿಲ್ಲ.

ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿದ್ದೆ. ಬೆಳಿಗ್ಗೆ ಹೊತ್ತಿಗೆ ಸಿಪ್ಪೆ ಉಬ್ಬಿ ಸಡಿಲವಾಗಿರುತ್ತದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಒಂದು ತುದಿಯಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತದೆ. ಅವಸರಪಟ್ಟರೆ ಹೋಳಾಗುತ್ತದೆ. ಹಿತುಕಿದ ಬೇಳೆ ಈಗ ಅಂಗಡಿಯಲ್ಲೇ ಸಿಗುತ್ತದೆ, ನಿಜ. ಆದರೆ ಇಬ್ಬನಿ ಬೀಳುವ ಕಾಲದ ಸೊಗಡು ಅವರೆಯನ್ನು ಮನೆಯಲ್ಲೇ ಸುಲಿದು, ಹಿತುಕಿ ಮಾಡಿದ ಸಾರಿನ ಘಮ ಅದಕ್ಕೆ ಬರೋದಿಲ್ಲ. ಬೆರಳಿಗೆ ಹತ್ತಿದ ಸೊಗಡು ಸಂಜೆತನಕ ಇರುತ್ತದಲ್ಲ, ನನಗೆ ಅದೂ ಇಷ್ಟ.

ಪಕ್ಕದಲ್ಲಿ ಅತ್ತೆ ಸ್ವೆಟರ್ ಬಿಚ್ಚುತ್ತಿದ್ದರು. ನನ್ನ ಗಂಡ ಹೈಸ್ಕೂಲಿಗೆ ಹಾಕಿಕೊಂಡು ಹೋಗುತ್ತಿದ್ದ ಕಡುಹಸಿರು ಸ್ವೆಟರ್ ಅದು. ಮೊದಲು ಪಕ್ಕದ ಹೊಲಿಗೆ, ತೋಳಿನ ಹೊಲಿಗೆ ಬಿಡಿಸಬೇಕು. ಆಮೇಲೆ ಹೆಣಿಗೆ ಮುಗಿಸಿದ ಜಾಗ ಹುಡುಕಬೇಕು. ಕೆಳಗಿನಿಂದ ಹೆಣೆದದ್ದನ್ನು ಮೇಲಿನಿಂದಲೇ ಬಿಚ್ಚಬೇಕು, ಇಲ್ಲದಿದ್ದರೆ ಗಂಟು ಬೀಳುತ್ತದೆ. ಒಮ್ಮೆ ಎಳೆ ಸಿಕ್ಕಿತೆಂದರೆ ಸರಸರನೆ ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತದೆ. ದಾರ ನೇರ ಬರೋದಿಲ್ಲ, ಶಾವಿಗೆಯ ಹಾಗೆ ಸುಕ್ಕುಸುಕ್ಕಾಗಿ ಬರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಬೇಕು. ಹಿಂಡಬಾರದು, ಸುಮ್ನೆ ಅದುಮಿ ನೆರಳಲ್ಲಿ ನೇತುಹಾಕಬೇಕು. ಒಣಗಿದ ಮೇಲೆ ಮತ್ತೆ ಹೆಣೆಯಬಹುದು. ಅಂಚಿಗೆ 12ನೇ ನಂಬರ್ ಕಡ್ಡಿ, ಮೈಗೆ 10ನೇ ನಂಬರ್. ನಮ್ಮಲ್ಲಿ ಸಿಗುವ ಕಡ್ಡಿಗಳಲ್ಲಿ ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. ಹೊಸದಾಗಿ ಕಲಿಯುವವರಿಗೆ ಇದನ್ನು ಮೊದಲೇ ಹೇಳಿಬಿಡಬೇಕು.

ಅಂಗಳದಲ್ಲಿ ಮಗಳು ಮಾವನವರ ಅಟ್ಲಾಸ್ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿಕೊಂಡಿದ್ದಳು. ಎತ್ತರದ, 28 ಇಂಚಿನ ಚಕ್ರದ ಕರಿ ಸೈಕಲ್ಲು. ಮಾವ ಅದರಲ್ಲೇ ಡ್ಯೂಟಿಗೆ ಹೋಗಿಬರುತ್ತಿದ್ದರು. ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತ ಇವಳು ಈಗ ಸೀಟಿನ ಮೇಲೆ ಕೂತೇ ಓಡಿಸುತ್ತಾಳೆ. ಆ ಕಂಪನಿಯ, ದೆಹಲಿ ಪಕ್ಕದ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ ನಿಂತುಹೋಯಿತು. ಆ ಸುದ್ದಿ ಓದಿದಾಗ ಅತ್ತೆ ಬೇಜಾರು ಮಾಡಿಕೊಂಡಿದ್ದರು. ನಮ್ಮ ಬೀದಿಯ ಸೈಕಲ್ ಶಾಪ್ ಅದಕ್ಕಿಂತ ಮೊದಲೇ ಮುಚ್ಚಿ ಮೊಬೈಲ್ ಅಂಗಡಿಯಾಗಿತ್ತು. ಹಾಗಾಗಿ ಪಂಕ್ಚರ್ ಹಾಕೋದನ್ನು ಇವಳು ಮನೆಯಲ್ಲೇ ಕಲಿತಳು.

ಟೈರ್ ಎಬ್ಬಿಸಲು ನನ್ನ ಅಡುಗೆಮನೆಯ ದಪ್ಪ ಚಮಚದ ಹಿಡಿ, ಗುಳ್ಳೆ ನೋಡಲು ಅವರೆ ನೆನೆಹಾಕಿದ್ದ ಬೇಸಿನ್. ಚಕ್ರ ಬಿಚ್ಚಬೇಕಾಗಿಲ್ಲ. ಒಂದು ಬದಿಯ ಟೈರ್ ಎಬ್ಬಿಸಿ ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಅದ್ದಿದಳು. ಗುಳ್ಳೆ ಬಂದ ಕಡೆ ಪೆನ್ನಿನಲ್ಲಿ ಗುರುತು. ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿದಳು.

“ಹಚ್ಚಿದ ತಕ್ಷಣ ಪ್ಯಾಚ್ ಇಡಬೇಡ ಪುಟ್ಟಿ, ಆರಲಿ. ನಿಮ್ಮ ತಾತ ಒಂದು ಬೀಡಿ ಸೇದಿ ಬರೋರು ಅಷ್ಟರಲ್ಲಿ” ಅಂದರು ಅತ್ತೆ, ಕೈಯಲ್ಲಿನ ದಾರ ನಿಲ್ಲಿಸದೆ.

“ಗೊತ್ತು ಅಜ್ಜಿ, ಮುಳ್ಳು ಇನ್ನೂ ಟೈರಿನಲ್ಲೇ ಇರಬಹುದು. ಅದನ್ನ ಹುಡುಕ್ತೀನಿ” ಅಂದಳು. ಒಳಗೆ ಬಟ್ಟೆ ಆಡಿಸಿದಾಗ ಸಿಕ್ಕಿತು, ಜಾಲಿ ಮುಳ್ಳಿನ ತುದಿ. ಅದನ್ನು ತೆಗೆಯದೆ ಟೈರ್ ಕೂರಿಸಿದ್ದರೆ ಗೇಟು ದಾಟುವಷ್ಟರಲ್ಲಿ ಮತ್ತೆ ಪಂಕ್ಚರ್.

ಬಿಚ್ಚಲು ಬರುವ ವಸ್ತುಗಳ ಮೇಲೆ ನನಗೆ ತುಂಬಾ ಪ್ರೀತಿ. ಒಳಗೆ ಏನಿದೆ ಅಂತ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಮಗಳಿಗೆ ಟ್ಯೂಷನ್‌ಗಿಂತ ಇಂಥ ಭಾನುವಾರಗಳು ಜಾಸ್ತಿ ಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಮಸಾಲೆಗೆ ಧನಿಯಾ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ ಹುರಿದು ತೆಂಗಿನಕಾಯಿ ಜೊತೆ ರುಬ್ಬಿದೆ. ಹಿತುಕಿದ ಬೇಳೆಗೆ ಕುಕ್ಕರ್ ಬೇಡ. ತೆರೆದ ಪಾತ್ರೆಯಲ್ಲಿ ಬೇಗನೆ ಬೇಯುತ್ತದೆ, ಕರಗದೆ ಇಡಿಯಾಗಿ ಉಳಿಯುತ್ತದೆ. ನನ್ನ ಗಂಡ ಸಬ್ಬಸಿಗೆ ಸೊಪ್ಪು ಹಾಕಿ ಅಕ್ಕಿ ರೊಟ್ಟಿ ತಟ್ಟಿದರು. ನನಗಿಂತ ತೆಳ್ಳಗೆ ತಟ್ಟುತ್ತಾರೆ.

ಊಟದ ನಂತರ ಲಡಿಗಳನ್ನು ನೋಡಿ ಅತ್ತೆ ಲೆಕ್ಕ ಹಾಕಿದರು. ಮೊಣಕೈ ಭಾಗದ ದಾರ ಸವೆದಿತ್ತು, ಅದನ್ನು ಬಿಸಾಕಬೇಕು. ಮಗಳೂ ಉದ್ದವಾಗಿದ್ದಾಳೆ. ದಾರ ಸಾಲೋದಿಲ್ಲ. ಅದೇ ಹಸಿರು ಈಗೆಲ್ಲಿ ಸಿಗುತ್ತದೆ?

“ಹಸಿರೇ ಯಾಕೆ ಅಜ್ಜಿ? ತೋಳಿಗೆ ಹಳದಿ ಪಟ್ಟಿ ಹಾಕು” ಅಂದಳು ಮಗಳು, ಸೈಕಲ್ ಇಳಿಸುತ್ತಾ.

ಅತ್ತೆ ಲಡಿಯನ್ನು ಅವಳ ತೋಳಿಗೆ ಹಿಡಿದು ನೋಡಿದರು. “ಆಗಲಿ. ಆದ್ರೆ ಎರಡು ಉಂಡೆ ತಗೊಂಡ್ರೆ ಎರಡರ ಮೇಲೂ ಬಣ್ಣದ ಲಾಟ್ ನಂಬರ್ ಒಂದೇ ಇದೆಯಾ ನೋಡ್ಕೊಂಡು ತಾ. ಇಲ್ಲದಿದ್ರೆ ಒಂದು ತೋಳು ಒಂದು ಬಣ್ಣ ಆಗುತ್ತೆ.”